ಪೆನ್ಸಿಲ್ ಮಗುವಿನ ಕೈಯಲ್ಲೇ ಇರಲಿ: ತರಗತಿ ಸಹಾಯಕರ ಕೆಲಸ ಹೀಗೆ

ಶಿಕ್ಷಕರಿಗೆ ಸಹಾಯಕರಾಗಿ ಶಾಲೆಗೆ ಸೇರಿದವರು ಮೊದಲ ವಾರದಲ್ಲಿ ಮಾಡುವ ತಪ್ಪು ಬಹುಪಾಲು ಒಂದೇ: ಅತಿಯಾಗಿ ಸಹಾಯ ಮಾಡುವುದು. ಮಗು ತಡವರಿಸಿದ ಕೂಡಲೇ ಉತ್ತರ ಹೇಳಿಬಿಡುತ್ತಾರೆ, ಅಕ್ಷರ ಸೊಟ್ಟಗಾದರೆ ಅಳಿಸಿ ತಾವೇ ಬರೆದುಕೊಡುತ್ತಾರೆ. ಪುಸ್ತಕವೇನೋ ಅಚ್ಚುಕಟ್ಟಾಗುತ್ತದೆ, ಆದರೆ ಅದರಲ್ಲಿ ಮಗುವಿನದು ಏನೂ ಇರುವುದಿಲ್ಲ.

ಇದು ಬರೀ ಅನುಮಾನದ ಮಾತಲ್ಲ. ಇಂಗ್ಲೆಂಡ್ ಮತ್ತು ವೇಲ್ಸ್‌ನ ಶಾಲೆಗಳಲ್ಲಿ 2003ರಿಂದ 2008ರವರೆಗೆ ನಡೆದ ದೊಡ್ಡ ಅಧ್ಯಯನವೊಂದರಲ್ಲಿ, ಸಹಾಯಕರ ನೆರವು ಹೆಚ್ಚು ಪಡೆದ ಮಕ್ಕಳು ಅದೇ ಮಟ್ಟದ ಇತರ ಮಕ್ಕಳಿಗಿಂತ ಹಿಂದುಳಿದದ್ದು ಕಂಡುಬಂತು. ಸಂಶೋಧಕರು ಸಹಾಯಕರನ್ನು ದೂರಲಿಲ್ಲ. ಅವರನ್ನು ಬಳಸಿಕೊಂಡ ರೀತಿಯೇ ಸರಿಯಿರಲಿಲ್ಲ ಎಂದರು. ಪಾಠಕ್ಕೆ ಮುನ್ನ ಶಿಕ್ಷಕರೊಡನೆ ಮಾತನಾಡಲು ಹೆಚ್ಚಿನವರಿಗೆ ಸಮಯವೇ ಸಿಗುತ್ತಿರಲಿಲ್ಲ.

ಆದ್ದರಿಂದ ದಿನದ ಕೆಲಸ ಶುರುವಾಗಬೇಕಾದದ್ದು ಗಂಟೆ ಹೊಡೆಯುವ ಮೊದಲು. ಐದು ನಿಮಿಷ ಸಾಕು. ಇಂದಿನ ಪಾಠದ ಕೊನೆಗೆ ಮಕ್ಕಳಿಗೆ ಏನು ಬರಬೇಕು, ಯಾರ ಮೇಲೆ ಕಣ್ಣಿಡಬೇಕು, ಎಲ್ಲಿ ಸುಮ್ಮನಿರಬೇಕು ಎಂದು ಶಿಕ್ಷಕರನ್ನು ಕೇಳಿ. ಮೂರನೆಯ ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ, ಅತಿ ಮುಖ್ಯವಾದದ್ದು ಅದೇ.

ನಂತರ ಎಲ್ಲಿ ಕೂರುವುದು ಎಂಬುದು. ಒಂದೇ ಮಗುವಿನ ಪಕ್ಕ ದಿನವಿಡೀ ಅಂಟಿಕೊಂಡು ಕುಳಿತರೆ ಬೇರೆ ಮಕ್ಕಳು ಅದರ ಹತ್ತಿರ ಸುಳಿಯುವುದಿಲ್ಲ, ಶಿಕ್ಷಕರೂ ಆ ಮಗುವನ್ನು ನಿಮಗೇ ಬಿಟ್ಟುಬಿಡುತ್ತಾರೆ. ಕೆಲಸ ಆರಂಭಿಸಿಕೊಟ್ಟು ಎದ್ದು ಹೋಗಿ, ಬೇರೆ ಬೆಂಚುಗಳನ್ನು ಸುತ್ತಿ ಮತ್ತೆ ಬನ್ನಿ.

ಮಗು ಸಿಕ್ಕಿಹಾಕಿಕೊಂಡಾಗ ಮೊದಲು ಮಾಡಬೇಕಾದದ್ದು ಕಾಯುವುದು. ಅಮೆರಿಕದ ಶಿಕ್ಷಣ ಸಂಶೋಧಕಿ ಮೇರಿ ಬಡ್ ರೋ 1970ರ ದಶಕದಲ್ಲಿ ತೋರಿಸಿದಂತೆ, ಪ್ರಶ್ನೆ ಕೇಳಿದ ಮೇಲೆ ಶಿಕ್ಷಕರು ಕಾಯುತ್ತಿದ್ದದ್ದು ಸುಮಾರು ಒಂದೇ ಸೆಕೆಂಡು. ಅದನ್ನು ಮೂರು ಸೆಕೆಂಡಿಗೆ ಹೆಚ್ಚಿಸಿದಾಗ ಮಕ್ಕಳ ಉತ್ತರಗಳು ಉದ್ದವಾದವು, ‘ಗೊತ್ತಿಲ್ಲ’ ಎನ್ನುವುದು ಕಡಿಮೆಯಾಯಿತು. ಮೂರು ಸೆಕೆಂಡು ಎಷ್ಟು ಉದ್ದ ಎಂಬುದು ಸುಮ್ಮನೆ ಕುಳಿತಾಗಲೇ ತಿಳಿಯುವುದು!

ಕಾದರೂ ಆಗದಿದ್ದರೆ ‘ಮೊದಲು ಏನು ಮಾಡಬೇಕು ಅನ್ನಿಸುತ್ತದೆ?’ ಎಂದಷ್ಟೇ ಕೇಳಿ. ಅದೂ ಸಾಲದಿದ್ದರೆ ಒಂದು ಸುಳಿವು ಕೊಡಿ. ಆಮೇಲೂ ಆಗದಿದ್ದರೆ ಅದೇ ಬಗೆಯ ಬೇರೊಂದು ಲೆಕ್ಕವನ್ನು ನಿಮ್ಮ ಹಾಳೆಯಲ್ಲಿ ಮಾಡಿ ತೋರಿಸಿ. ಮಗುವಿನ ಪುಸ್ತಕದಲ್ಲಿ ನೀವು ಬರೆಯಬೇಡಿ.

ತಪ್ಪು ಉತ್ತರವನ್ನು ಅಳಿಸಲೂ ಬೇಡಿ. 52ರಲ್ಲಿ 27 ಕಳೆದು 35 ಎಂದು ಬರೆದ ಮಗುವನ್ನು ನೋಡಿ. ಅದಕ್ಕೆ ಕಳೆಯುವುದು ಬರುತ್ತದೆ. ಆದರೆ ಬಿಡಿ ಸ್ಥಾನದಲ್ಲಿ 2ರಿಂದ 7 ಕಳೆಯಲಾಗದೆ 7ರಿಂದಲೇ 2 ಕಳೆದಿದೆ. ಹತ್ತರ ಸ್ಥಾನದಿಂದ ಎರವಲು ಪಡೆಯುವುದು ಅರ್ಥವಾಗಿಲ್ಲ ಎಂದು ಆ 35 ಶಿಕ್ಷಕರಿಗೆ ಹೇಳುತ್ತದೆ. ಅದನ್ನು ಅಳಿಸಿ 25 ಬರೆಸಿದರೆ ಸುದ್ದಿ ಅಲ್ಲಿಗೇ ಹೂತುಹೋಗುತ್ತದೆ. ಜೇಬಿನಲ್ಲೊಂದು ಪುಟ್ಟ ಪುಸ್ತಕವಿರಲಿ. ಯಾರು ಎಲ್ಲಿ ಎಡವಿದರು, ಎಷ್ಟು ಸಹಾಯ ಬೇಕಾಯಿತು ಎಂದು ಒಂದೊಂದು ಸಾಲು ಬರೆದು ಸಂಜೆ ಶಿಕ್ಷಕರಿಗೆ ತೋರಿಸಿ. ‘ಚೆನ್ನಾಗಿ ಮಾಡಿದ’ ಎಂಬ ಸಾಲಿನಿಂದ ಯಾರಿಗೂ ಉಪಯೋಗವಿಲ್ಲ.

ಹಾಳೆ ಹಂಚುವುದು, ಚಾರ್ಟ್ ಅಂಟಿಸುವುದು, ಬಣ್ಣದ ಡಬ್ಬಿ ಎಣಿಸಿಡುವುದು ಇದ್ದೇ ಇರುತ್ತದೆ, ಎರಡು ದಿನದಲ್ಲಿ ಕೈಗೆ ಹತ್ತುತ್ತದೆ. ಶಿಕ್ಷಕರು ಒಂದು ಮಾತು ಹೇಳಿ ನೀವು ಇನ್ನೊಂದು ಹೇಳಿದರೆ ಮಕ್ಕಳು ಆ ಬಿರುಕನ್ನು ಬೇಗ ಪತ್ತೆಹಚ್ಚುತ್ತಾರೆ. ಭಿನ್ನಾಭಿಪ್ರಾಯವಿದ್ದರೆ ತರಗತಿ ಮುಗಿದ ಮೇಲೆ ಮಾತನಾಡಿ. ಮಗುವಿನ ಕುರಿತು ಪೋಷಕರು ಗೇಟಿನ ಬಳಿ ವಿಚಾರಿಸಿದರೆ ಶಿಕ್ಷಕರತ್ತ ಕಳುಹಿಸಿ.

ಕೊನೆಯದು ಅಪರೂಪಕ್ಕೆ ಬರುತ್ತದೆ, ಬಂದಾಗ ಯೋಚಿಸಲು ಸಮಯವಿರುವುದಿಲ್ಲ. ಸಹಾಯಕರನ್ನು ನಂಬಿ ಮಗು ಮನೆಯ ಅಥವಾ ಶಾಲೆಯ ನೋವೊಂದನ್ನು ಹೇಳಿ, ‘ಯಾರಿಗೂ ಹೇಳಬೇಡಿ’ ಎನ್ನಬಹುದು. ಆ ಭಾಷೆ ಕೊಡಬೇಡಿ. ‘ನನಗೆ ಹೇಳಿದ್ದು ಒಳ್ಳೆಯದಾಯಿತು, ನಿನಗೆ ಸಹಾಯ ಮಾಡುವವರಿಗೆ ನಾನು ತಿಳಿಸಬೇಕು’ ಎನ್ನಿ. ಕೆದಕಿ ಪ್ರಶ್ನೆ ಕೇಳದೆ, ಮಗು ಹೇಳಿದ ಮಾತುಗಳನ್ನು ಹಾಗೆಯೇ ದಿನಾಂಕ, ಸಮಯದೊಂದಿಗೆ ಬರೆದು, ಮಕ್ಕಳ ರಕ್ಷಣೆಯ ಹೊಣೆ ಹೊತ್ತವರಿಗೆ ಅಂದೇ ತಲುಪಿಸಿ.