ಅಡಿಕೆ ಅಂಗಳದಲ್ಲಿ ಎಂಟು ವರ್ಷ: ಮಗನ ಹಿಂದೆ ನಡೆದ ನನ್ನ ಅನುಭವ

ಮಗನನ್ನು ಒಂದನೇ ತರಗತಿಯ ನಡುವಿನಲ್ಲಿ ಶಾಲೆ ಬಿಡಿಸಿದಾಗ ನಾನು ಸ್ವತಃ ಶಿಕ್ಷಕಿಯಾಗಿದ್ದೆ. ಪುತ್ತೂರು ತಾಲ್ಲೂಕಿನಲ್ಲಿ ಒಂಬತ್ತು ವರ್ಷ ಗಣಿತ ಕಲಿಸಿದವಳು ತನ್ನ ಮಗುವನ್ನೇ ಮನೆಯಲ್ಲಿ ಇಟ್ಟುಕೊಂಡಳೆಂದು ಊರಿನವರು ಆಶ್ಚರ್ಯಪಟ್ಟದ್ದರಲ್ಲಿ ತಪ್ಪೇನಿಲ್ಲ. ಆ ನಿರ್ಧಾರಕ್ಕೆ ದೊಡ್ಡ ಸಿದ್ಧಾಂತದ ಬೆಂಬಲವೂ ಇರಲಿಲ್ಲ. ಒಂದು ಸಂಜೆ ತೋಡಿನ ಬದಿಯಲ್ಲಿ ಏಡಿಯ ಮಾಟೆಯನ್ನು ತೋರಿಸಿ ನಾನು ಏನನ್ನೋ ವಿವರಿಸುತ್ತಿದ್ದಾಗ, ಆರು ವರ್ಷದ ಹುಡುಗ ತಲೆಯೆತ್ತಿ, "ಅಮ್ಮ, ಇದು ಪರೀಕ್ಷೆಗೆ ಬರ್ತದಾ?" ಎಂದು ಕೇಳಿದ. ಬರುವುದಿಲ್ಲ ಎಂದೆ. ಅವನು ಎದ್ದು ಹೋದ.

ಶಾಲೆ ಬಿಡಿಸಿದ ಮರುವಾರವೇ ನಾನು ಮನೆಯ ಜಗಲಿಯಲ್ಲಿ ಇನ್ನೊಂದು ಶಾಲೆ ತೆರೆದೆನೆಂಬುದನ್ನು ಈಗ ನೆನೆದರೆ ನಗು ಬರುತ್ತದೆ. ಗೋಡೆಯಲ್ಲಿ ಕಪ್ಪು ಹಲಗೆ, ಒಂಬತ್ತೂವರೆಗೆ ಗಣಿತ, ಹತ್ತೂವರೆಗೆ ಕನ್ನಡ, ನಡುವೆ ಹಾಲು ಕುಡಿಯುವ ಬಿಡುವು. ಮೂರು ವಾರಗಳಲ್ಲಿ ಇಬ್ಬರಿಗೂ ಸಾಕಾಯಿತು. ಶಾಲೆಯಲ್ಲಿ ಅವನಿಗೆ ಒಬ್ಬ ಟೀಚರಿಂದ ತಪ್ಪಿಸಿಕೊಳ್ಳಲು ಸಂಜೆಯ ಗಂಟೆಯಾದರೂ ಇತ್ತು. ಇಲ್ಲಿ ಅದೂ ಇರಲಿಲ್ಲ. ಹಲಗೆಯನ್ನು ಅಟ್ಟಕ್ಕೆ ಹಾಕಿದ ಮೇಲೆ ಸುಮಾರು ನಾಲ್ಕು ತಿಂಗಳು ಅವನು ಅಂಗಳ, ಹಟ್ಟಿ, ತೋಡು ಎಂದು ಅಲೆದನೇ ಹೊರತು ಕಲಿಕೆ ಎಂದು ನಾನು ಗುರುತಿಸಬಲ್ಲ ಯಾವುದನ್ನೂ ಮಾಡಲಿಲ್ಲ. ಅತ್ತೆಯವರು ಏನೂ ಹೇಳದೆ ದಿನವೂ ಅವನ ಹಳೆಯ ಚೀಲದ ಧೂಳು ಒರೆಸಿಡುತ್ತಿದ್ದರು. ಬೈದಿದ್ದರೆ ಉತ್ತರ ಕೊಡಬಹುದಿತ್ತು.

ಆ ದಿನಗಳಲ್ಲಿ ನನ್ನನ್ನು ಉಳಿಸಿದ್ದು ನೂರು ಪುಟಗಳ ಒಂದು ನೋಟ್‌ಬುಕ್ಕು. ಕಲಿಸುವ ಕೈ ಸುಮ್ಮನಿರದೆ ಇದ್ದುದರಿಂದ, ರಾತ್ರಿ ಮಲಗುವ ಮುಂಚೆ ಅವನು ಆ ದಿನ ಏನು ಮಾಡಿದ, ಏನು ಕೇಳಿದ ಎಂಬುದನ್ನು ಅವನದೇ ಮಾತಿನಲ್ಲಿ, ಅಭಿಪ್ರಾಯ ಸೇರಿಸದೆ ಬರೆಯತೊಡಗಿದೆ. ಎರಡು ತಿಂಗಳ ಪುಟಗಳನ್ನು ಒಟ್ಟಿಗೆ ಓದಿದಾಗ, ನಾನು ಅಲೆದಾಟವೆಂದುಕೊಂಡದ್ದರಲ್ಲಿ ಎರಡೇ ಎರಡು ವಿಷಯಗಳು ಮತ್ತೆ ಮತ್ತೆ ಬರುತ್ತಿದ್ದುದು ಕಂಡಿತು: ಯಕ್ಷಗಾನ, ಮತ್ತು ಯಾವ ವಸ್ತು ಯಾವುದರಲ್ಲಿ ಕರಗುತ್ತದೆ ಎಂಬುದು.

ನಮ್ಮ ಮನೆಮಾತು ತುಳು. ಆಡುವ ಕನ್ನಡವೇ ಅವನಿಗೆ ಬಹುಪಾಲು ಆಟ, ಅಂದರೆ ಯಕ್ಷಗಾನ ಪ್ರದರ್ಶನ, ಮತ್ತು ವೇಷ-ಕುಣಿತಗಳಿಲ್ಲದೆ ಕುಳಿತು ನಡೆಸುವ ತಾಳಮದ್ದಳೆಗಳಿಂದ ಬಂದದ್ದು. ಹಾಗಾಗಿ ಅವನ ಮೊದಮೊದಲ ಕನ್ನಡ ವಾಕ್ಯಗಳಲ್ಲಿ "ಎಲವೋ" ಎಂಬ ಸಂಬೋಧನೆ ಅಗತ್ಯಕ್ಕಿಂತ ಹೆಚ್ಚೇ ಇತ್ತು. ಓದಲು ಮಾತ್ರ ಬರುತ್ತಿರಲಿಲ್ಲ. ಎಂಟು ತುಂಬಿತು, ಎಂಟೂವರೆಯಾಯಿತು. ನೆಂಟರ ಮಕ್ಕಳು ಅದೇ ವಯಸ್ಸಿನಲ್ಲಿ ಇಂಗ್ಲಿಷ್ ಪುಸ್ತಕ ಓದುವಾಗ ನನಗೆ ಆಗುತ್ತಿದ್ದ ಸಂಕಟವನ್ನು ಇಲ್ಲಿ ಮುಚ್ಚಿಡುವುದಿಲ್ಲ. ಅಂಥ ದಿನಗಳಲ್ಲಿ ಅಟ್ಟದ ಹಲಗೆ ಎರಡು ಸಲ ಕೆಳಗೆ ಬಂದು ಮತ್ತೆ ಮೇಲೆ ಹೋಯಿತು.

ಓದು ಬಂದದ್ದು ದಿನಪತ್ರಿಕೆಯ ಮೂಲೆಯಲ್ಲಿ ಅಚ್ಚಾಗುವ ಆ ದಿನದ ಆಟಗಳ ಪಟ್ಟಿಯಿಂದ. ಇಂದು ಯಾವ ಮೇಳ (ಯಕ್ಷಗಾನ ತಂಡ) ಎಲ್ಲಿ ಎಂದು ಬೆಳಿಗ್ಗೆ ಅವನು ಕೇಳುತ್ತಿದ್ದ, ನಾನು ಓದಿ ಹೇಳುತ್ತಿದ್ದೆ. ಕೆಲಸದ ಗಡಿಬಿಡಿಯಲ್ಲಿ ನನ್ನ ಉತ್ತರ ತಡವಾಗುತ್ತಿದ್ದುದೇ ಉಪಕಾರವಾಯಿತು. "ಕಟೀಲು", "ಧರ್ಮಸ್ಥಳ" ಎಂಬ ಪದಗಳನ್ನು ಅವನು ಮೊದಲು ಚಿತ್ರಗಳಂತೆ ಗುರುತಿಸಿಕೊಂಡ. ಒಂದು ದಿನ ಪಟ್ಟಿಯನ್ನು ಹಿಡಿದುಕೊಂಡು ಅಡುಗೆಮನೆಗೆ ಬಂದು, ಧರ್ಮಸ್ಥಳದಲ್ಲಿಯೂ ಕರ್ಣನಲ್ಲಿಯೂ ಅರ್ಜುನನಲ್ಲಿಯೂ ಒಂದೇ ಬಾಲವಿದೆ, ಆ ಬಾಲವನ್ನು ಬರೆಯುವುದು ಹಿಂದೆ, ಹೇಳುವುದು ಮುಂದೆ, ಇದೆಂತ ಮೋಸ ಎಂದು ತಕರಾರು ತೆಗೆದ. ಅರ್ಕಾವೊತ್ತನ್ನು ಎಷ್ಟೋ ಮಕ್ಕಳಿಗೆ ಕಲಿಸುವುದನ್ನು ಕಂಡಿದ್ದ ನನಗೆ, ಅದೊಂದು ಮೋಸವೆಂದು ಎಂದೂ ಹೊಳೆದಿರಲಿಲ್ಲ. ಆಮೇಲಿನ ಆರು ವಾರಗಳಲ್ಲಿ ಉಳಿದ ಒತ್ತಕ್ಷರಗಳು ತಾವಾಗಿ ಬಂದವು. ಒಂಬತ್ತು ತುಂಬುವಾಗ ಅವನು ಪತ್ರಿಕೆಯನ್ನು ಮೊದಲ ಪುಟದಿಂದ ಓದುತ್ತಿದ್ದ.

ಎರಡನೆಯ ವಿಷಯದಲ್ಲಿ ನಾನು ಎಡವಿದೆ. ಕೊಳೆರೋಗ ತಡೆಯಲು ಮಳೆಗಾಲಕ್ಕೆ ಮುಂಚೆ ಅಡಿಕೆಗೆ ಹೊಡೆಯುವ ಬೋರ್ಡೋ ದ್ರಾವಣ ಶೇಕಡಾ 1ರದ್ದು: 1 ಕಿಲೋ ಮೈಲುತುತ್ತು (ತಾಮ್ರದ ಸಲ್ಫೇಟ್), 1 ಕಿಲೋ ಸುಣ್ಣ, 100 ಲೀಟರ್ ನೀರು. ಎರಡನ್ನೂ ಬೇರೆ ಬೇರೆ ಪ್ಲಾಸ್ಟಿಕ್ ಪಾತ್ರೆಗಳಲ್ಲಿ ಕರಗಿಸಿ ಆಮೇಲೆ ಕೂಡಿಸಬೇಕು. ಹದ ನೋಡಲು ಹೊಳೆಯುವ ಕತ್ತಿಯನ್ನು ಸ್ವಲ್ಪ ಹೊತ್ತು ಅದ್ದಿ ತೆಗೆಯಬೇಕು. ಅಲಗು ಕೆಂಪಗಾದರೆ ಸುಣ್ಣ ಸಾಲದೆಂದು ಅರ್ಥ. ಹತ್ತು ವರ್ಷದವನಾಗಿದ್ದಾಗ ಕತ್ತಿ ಅದ್ದುವ ಕೆಲಸವನ್ನು ಅವನು ಅಪ್ಪನಿಂದ ವಹಿಸಿಕೊಂಡ. ಕೊನೆಗೆ ಉಳಿದ ಮರಗಳಿಗೆ 60 ಲೀಟರ್ ಸಾಕೆಂದಾಗ 600 ಗ್ರಾಂ ಎಂದು ಯಾರೂ ಕೇಳದೆಯೇ ತೂಗಿಟ್ಟ. ನನ್ನೊಳಗಿನ ಗಣಿತದ ಟೀಚರು ತಡೆದುಕೊಳ್ಳಲಿಲ್ಲ. ಆ ರಾತ್ರಿಯೇ ಶೇಕಡಾವಾರಿನ ಇಪ್ಪತ್ತು ಲೆಕ್ಕಗಳನ್ನು ಅಂದವಾಗಿ ಬರೆದು ಬೆಳಿಗ್ಗೆ ಅವನ ಮುಂದಿಟ್ಟೆ. ಆರು ಲೆಕ್ಕ ಮಾಡಿದ, ಆರೂ ಸರಿ. ಆದರೆ ಆ ಮಳೆಗಾಲವಿಡೀ ಅವನು ಡ್ರಮ್ಮಿನ ಹತ್ತಿರ ಸುಳಿಯಲಿಲ್ಲ. ನಲವತ್ತು ದಿನಗಳ ಮೇಲಿನ ಎರಡನೆಯ ಸಿಂಪಡಣೆಗೂ ಬರಲಿಲ್ಲ.

ಮರುವರ್ಷ ಮೇ ತಿಂಗಳಲ್ಲಿ ಅವನಾಗಿ ಬಂದ, ಒಂದು ಪ್ರಶ್ನೆಯೊಡನೆ: ಕತ್ತಿ ಕೆಂಪಾಗುವುದಾದರೆ ಆ ಕೆಂಪು ಎಲ್ಲಿಂದ ಬಂತು, ಮೈಲುತುತ್ತು ನೀಲಿಯಲ್ಲವೇ? ಈ ಸಲ ನನಗೆ ಉತ್ತರ ಗೊತ್ತಿರಲಿಲ್ಲ, ಅದು ನಮ್ಮಿಬ್ಬರ ಅದೃಷ್ಟ. ಕಬ್ಬಿಣವು ದ್ರಾವಣದೊಳಗೆ ಹೋಗುತ್ತದೆ, ಅದರ ಜಾಗಕ್ಕೆ ತಾಮ್ರ ಹೊರಬಂದು ಅಲಗಿಗೆ ಅಂಟುತ್ತದೆ ಎಂಬುದನ್ನು ಹೈಸ್ಕೂಲಿನ ವಿಜ್ಞಾನ ಪುಸ್ತಕದಲ್ಲಿ ಒಟ್ಟಿಗೆ ಹುಡುಕಿದೆವು. ಆ ಪುಸ್ತಕ ಮತ್ತೆ ಕಪಾಟಿಗೆ ಹೋಗಲಿಲ್ಲ. ಅಂದಿನಿಂದ ನನಗೊಂದು ನಿಯಮ ಮಾಡಿಕೊಂಡಿದ್ದೇನೆ: ಅವನು ಕೇಳಿದಷ್ಟಕ್ಕೆ ಉತ್ತರ, ಅದರ ಮೇಲೆ ಒಂದು ವಾಕ್ಯವೂ ಇಲ್ಲ. ಬಾಯಿ ಕಟ್ಟಿಕೊಳ್ಳುವ ಈ ಕೆಲಸ ಒಂಬತ್ತು ವರ್ಷದ ಪಾಠಕ್ಕಿಂತ ಕಷ್ಟದ್ದು.

ಇದು ಹೊಸ ಹುಚ್ಚೆಂದು ಹೇಳುವವರಿಗೆ, ಶಿವರಾಮ ಕಾರಂತರು ಇದೇ ಪುತ್ತೂರಿನ ಬಾಲವನದಲ್ಲಿ ಮಕ್ಕಳ ಕಲಿಕೆಯ ಪ್ರಯೋಗಗಳನ್ನು ನಡೆಸಿದ್ದರೆಂಬುದನ್ನು ನೆನಪಿಸುತ್ತೇನೆ. ಸರ್ಕಾರಿ ಶಾಲೆಗಳ ನಲಿ-ಕಲಿಯನ್ನೂ ನಾನು ಗೌರವದಿಂದಲೇ ನೋಡುತ್ತೇನೆ, 1995ರಲ್ಲಿ ಎಚ್.ಡಿ. ಕೋಟೆ ತಾಲ್ಲೂಕಿನಲ್ಲಿ ಆರಂಭವಾದ ಆ ಪದ್ಧತಿಯಲ್ಲಿ ಮಗು ಕಲಿಕೆಯ ಏಣಿಯನ್ನು ತನ್ನ ವೇಗದಲ್ಲಿ ಹತ್ತುತ್ತದೆ. ಆದರೆ ಮೆಟ್ಟಿಲುಗಳನ್ನು ದೊಡ್ಡವರು ಮೊದಲೇ ಜೋಡಿಸಿರುತ್ತಾರೆ. ನಮ್ಮಲ್ಲಿ ಯಾವ ಗೋಡೆಗೆ ಏಣಿ ಇಡಬೇಕೆಂಬುದನ್ನೂ ಅವನೇ ಹೇಳಿದ, ಕೆಲವು ಸಲ ಏಣಿಯೇ ಬೇಡವೆಂದ.

ಕಾನೂನಿನ ಮಾತನ್ನು ಚುಟುಕಾಗಿ ಹೇಳುತ್ತೇನೆ. 2010ರ ಏಪ್ರಿಲ್ 1ರಂದು ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯ್ದೆ 6ರಿಂದ 14ರ ವಯಸ್ಸಿನ ಮಕ್ಕಳಿಗೆ ಸಂಬಂಧಿಸಿದ್ದು. ಮಗುವನ್ನು ನೆರೆಯ ಶಾಲೆಗೆ ಸೇರಿಸುವುದು ಪಾಲಕರ ಕರ್ತವ್ಯವೆಂದು ಅದರಲ್ಲಿದೆ. ಶಾಲೆ ಬಿಟ್ಟ ಮಕ್ಕಳ ಸಮೀಕ್ಷೆಗೆ ಬಂದವರ ಮುಂದೆ ನಾನು ಇಟ್ಟದ್ದು ಆ ನೋಟ್‌ಬುಕ್ಕುಗಳನ್ನು, ಆಗ ಏಳಾಗಿದ್ದವು. ಅವರು ಒಂದು ಗಂಟೆ ಕುಳಿತು ಓದಿ, ಚಹಾ ಕುಡಿದು ಹೋದರು. ಎಲ್ಲರಿಗೂ ಹೀಗೇ ಆಗುತ್ತದೆಂದು ಭರವಸೆ ಕೊಡಲಾರೆ. ಹಾಗೆಯೇ, ದಿನವಿಡೀ ಮನೆಯಲ್ಲಿರುವ ಒಬ್ಬರು, ತೋಟದ ಆದಾಯ, ಸುತ್ತ ಕೆಲಸ ಮಾಡುವ ಹಿರಿಯರು, ಇವು ಮೂರೂ ನಮಗಿದ್ದವು; ಇಬ್ಬರೂ ಕೂಲಿಗೆ ಹೋಗುವ ಮನೆಯವರಿಗೆ ಇದನ್ನು ಮಾಡಿರೆಂದು ಹೇಳುವ ಅಧಿಕಾರ ನನಗಿಲ್ಲ.

ಕಳೆದುಕೊಂಡದ್ದೂ ಇದೆ. ಮಗ್ಗಿ ಇಂದಿಗೂ ಹನ್ನೆರಡರಾಚೆ ಬಾಯಿಗೆ ಬಾರದು, ಇಂಗ್ಲಿಷ್ ಓದಿದಷ್ಟು ಸುಲಭವಾಗಿ ಮಾತನಾಡಲಾರ, ಸಂಜೆ ನಾಲ್ಕರವರೆಗೆ ಊರಿನಲ್ಲಿ ಅವನ ಜೊತೆಗೆ ಆಡಲು ಯಾರೂ ಇರುವುದಿಲ್ಲ. ಕೊನೆಯದಕ್ಕೆ ನನ್ನಲ್ಲಿ ಪರಿಹಾರ ಸಿಗಲಿಲ್ಲ.

ಈಗ ಅವನಿಗೆ ಹದಿನಾಲ್ಕು. ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆಯಲ್ಲಿ ಹತ್ತನೆಯ ತರಗತಿಗೆ ಸಮನಾದ ಪರೀಕ್ಷೆಗೆ ಕನಿಷ್ಠ ವಯಸ್ಸು ಅಷ್ಟೇ ಆದ್ದರಿಂದ ಈ ವರ್ಷ ಹೆಸರು ನೋಂದಾಯಿಸಿದ್ದಾನೆ. ಐದು ವಿಷಯಗಳಲ್ಲಿ ವಿಜ್ಞಾನವನ್ನು ಮೊದಲು ಬರೆಯುತ್ತಾನಂತೆ. ಐದು ವರ್ಷಗಳೊಳಗೆ ಬಿಡಿಬಿಡಿಯಾಗಿ ಮುಗಿಸುವ ಅವಕಾಶವಿರುವುದರಿಂದ ಅವಸರವಿಲ್ಲ. ಇತ್ತ ಆರು ವರ್ಷದ ಮಗಳು, ಅಣ್ಣನ ಹಾಗೆ ಮನೆಯಲ್ಲಿ ಕೂರುವುದಿಲ್ಲ, ತನಗೆ ಶಾಲೆಯೇ ಬೇಕು ಎಂದು ಜೂನ್ ತಿಂಗಳಲ್ಲಿ ಹಟ ಹಿಡಿದಳು. ಒಂದು ವಾರ ಯೋಚಿಸಿ ಊರಿನ ಸರ್ಕಾರಿ ಶಾಲೆಗೆ ಸೇರಿಸಿದೆವು. ಅತ್ತೆಯವರು ಒರೆಸಿಟ್ಟಿದ್ದ ಚೀಲ ಅವಳಿಗೆ ಬಂತು. ಸಂಜೆ ಬಂದು ಅವಳು ಹೇಳುವುದನ್ನು ಇನ್ನೊಂದು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಿದ್ದೇನೆ.