ಅರುವತ್ತರ ನಂತರ ರಾಕ್: ಶ್ರುತಿಗಿಂತ ಮೊದಲು ವೇದಿಕೆಯ ಸದ್ದು ಇಳಿಸಬೇಕೆಂದು ಕಲಿತ ನನ್ನ ಅನುಭವ

ನನಗೆ ಐವತ್ತೈದು ತುಂಬುವ ಹೊತ್ತಿಗೇ ತುಮಕೂರಿನ ಆರ್ಕೆಸ್ಟ್ರಾ ಬಳಗದ ಹಲವರು, ಇವರು ಇನ್ನು ಭಾವಗೀತೆಗೋ ಹಳೆಯ ಚಿತ್ರಗೀತೆಗೋ ಇಳಿಯುವುದು ಲೇಸೆಂದು ತೀರ್ಮಾನಿಸಿಬಿಟ್ಟಿದ್ದರು. ಈಗ ಅರುವತ್ತೆರಡು ದಾಟಿದೆ. ಕಳೆದ ಗಣೇಶೋತ್ಸವದಲ್ಲಿ ಶಿರಾ, ಗುಬ್ಬಿ, ತಿಪಟೂರುಗಳಲ್ಲಿ ಒಂದರ ಹಿಂದೊಂದು ರಾತ್ರಿ ರಾಕ್ ಹಾಡಿಯೂ ಬೆಳಿಗ್ಗೆ ಫೋನಿನಲ್ಲಿ ಮಾತನಾಡುವಷ್ಟು ದನಿ ಉಳಿದಿತ್ತು. ಹೇಗೆಂದು ಕೇಳಿದವರಿಗಾಗಿ ಬರೆಯುತ್ತಿದ್ದೇನೆ.

ಎತ್ತರದ ಸ್ವರಗಳು ಸುಲಭವಾಗಲೆಂದು ಎಲ್ಲರಂತೆ ನಾನೂ ಮೊದಲು ಕೈಹಾಕಿದ್ದು ಶ್ರುತಿಗೆ. ಗಿಟಾರಿನ ಇ ತಂತಿಯನ್ನು ಡಿ ಸ್ವರಕ್ಕೆ, ಅಂದರೆ ಪೂರ್ತಿ ಒಂದು ಮನೆ (ಎರಡು ಅರ್ಧಸ್ವರ) ಇಳಿಸಿದರೆ ತಂತಿಯ ಬಿಗಿಯಲ್ಲಿ ಹೆಚ್ಚುಕಡಿಮೆ ಐದನೇ ಒಂದು ಭಾಗ ಹೋಗುತ್ತದೆ. ಬೆಂಡ್ ಮಾಡಿದಾಗ, ಅಂದರೆ ತಂತಿಯನ್ನು ಬದಿಗೆ ಎಳೆದಾಗ, ಸ್ವರ ಎಲ್ಲಿ ನಿಂತೀತೆಂಬ ಭರವಸೆಯೇ ಇರುವುದಿಲ್ಲ. ಹತ್ತರ ತಂತಿ ಸೆಟ್ ತೆಗೆದು ಇನ್ನೂ ದಪ್ಪನೆಯ ಹನ್ನೊಂದರದ್ದು ಹಾಕಿ, ಬೆಂಗಳೂರಿಗೆ ಹೋಗಿ ನಟ್‌ನ (ತಂತಿ ಕೂರುವ ಪಟ್ಟಿಯ) ಗೀರುಗಳನ್ನು ಅಗಲಿಸಿ, ಗಿಟಾರಿನ ಕತ್ತಿನೊಳಗಿನ ಟ್ರಸ್ ರಾಡ್ ಸರಿಮಾಡಿಸಿಕೊಂಡು ಬಂದೆ. ಎರಡು ಗಿಟಾರುಗಳಿಗೆ ಆರೇಳು ಸಾವಿರ ಹೋಯಿತು. ಮೇಲಿನ ಸ್ವರಗಳು ಹಗುರವಾದವು ನಿಜ, ಆದರೆ ಚರಣದ ತಗ್ಗಿನ ಸ್ವರಗಳು ಬೇಸ್ ಗಿಟಾರಿನಡಿ ಸಿಕ್ಕಿ ಮೈದಾನದಲ್ಲಿ ಯಾರಿಗೂ ಕೇಳಿಸದಾದವು. ಕೇಳಿಸಲೆಂದು ಒತ್ತಿ ಹಾಡಿ, ಎರಡನೇ ಗಂಟೆಗೆ ಗಂಟಲು ಕಟ್ಟತೊಡಗಿತು.

ಶ್ರುತಿ ಇಳಿಸುವುದರಲ್ಲಿ ಅವಮಾನವೇನೂ ಇಲ್ಲ. 2007ರ ಡಿಸೆಂಬರಿನಲ್ಲಿ ಲಂಡನ್ನಿನಲ್ಲಿ ಮತ್ತೆ ಒಂದಾದ ಬ್ರಿಟಿಷ್ ರಾಕ್ ಬ್ಯಾಂಡ್ ಲೆಡ್ ಜೆಪ್ಲಿನ್ ಹಲವು ಹಾಡುಗಳನ್ನು ಇಳಿಸಿಯೇ ನುಡಿಸಿತು. ಡೀಪ್ ಪರ್ಪಲ್ ಬ್ಯಾಂಡಿನ ಗಾಯಕ ಇಯಾನ್ ಗಿಲನ್ ತಮ್ಮ ಅತಿ ಎತ್ತರದ ಹಾಡೊಂದನ್ನು 2002ರ ನಂತರ ವೇದಿಕೆಯಲ್ಲಿ ಹಾಡಿಲ್ಲ. ನನ್ನ ಕಣ್ಣು ತೆರೆಸಿದ್ದು ಮಾತ್ರ ಎಸಿ/ಡಿಸಿ ಬ್ಯಾಂಡಿನ ಗಾಯಕ ಬ್ರಯನ್ ಜಾನ್ಸನ್. 2016ರಲ್ಲಿ ವೈದ್ಯರು ಪ್ರವಾಸ ನಿಲ್ಲಿಸದಿದ್ದರೆ ಶ್ರವಣಶಕ್ತಿಯೇ ಹೋದೀತೆಂದು ಎಚ್ಚರಿಸಿದ್ದರಿಂದ ಅವರು ವೇದಿಕೆ ಬಿಡಬೇಕಾಯಿತು. ಆ ಸುದ್ದಿ ಓದಿದ ಮೇಲೆಯೇ ನಾನು ಗಂಟಲನ್ನು ಬಿಟ್ಟು ಕಿವಿಯನ್ನು ವಿಚಾರಿಸಿಕೊಂಡೆ.

ವಯಸ್ಸಾದಂತೆ ಕಿವಿಯಲ್ಲಿ ಮೊದಲು ಮಸುಕಾಗುವುದು ಎತ್ತರದ ಆವರ್ತನಗಳು. ಹಾಗಾದಾಗ ನಮ್ಮ ವ್ಯಂಜನಗಳು ನಮಗೇ ಸರಿಯಾಗಿ ಕೇಳುವುದಿಲ್ಲ, ಮಾನಿಟರ್ (ನಮ್ಮತ್ತ ತಿರುಗಿಸಿಟ್ಟ ಸ್ಪೀಕರ್) ಏರಿಸುತ್ತೇವೆ, ಗಿಟಾರಿನವನು ಆಂಪ್ (ಗಿಟಾರಿನ ಸದ್ದು ಹೆಚ್ಚಿಸುವ ಪೆಟ್ಟಿಗೆ) ಏರಿಸುತ್ತಾನೆ, ನಾವು ಇನ್ನೂ ಗಟ್ಟಿಯಾಗಿ ಕಿರುಚುತ್ತೇವೆ. ನನ್ನ ಮೈಕಿನ ಬಳಿ ಮೊಬೈಲಿನಲ್ಲಿ ಅಳೆದಾಗ 105 ಡೆಸಿಬಲ್ ಸುಮಾರಿಗೆ ತೋರಿಸಿತು. 85 ಡೆಸಿಬಲ್ಲನ್ನು ಎಂಟು ಗಂಟೆ ತಾಳಬಹುದಾದರೆ 100 ಡೆಸಿಬಲ್ಲಿಗೆ ಕಾಲು ಗಂಟೆ ಮಾತ್ರ ಎಂಬುದು ಬಲ್ಲವರ ಲೆಕ್ಕ; ನಾವು ನುಡಿಸುತ್ತಿದ್ದದ್ದು ಮೂರೂವರೆ ಗಂಟೆ.

ಆದ್ದರಿಂದ 100 ವಾಟಿನ ವಾಲ್ವ್ ಆಂಪ್‌ಗಳೆರಡನ್ನೂ ಎಪ್ಪತ್ತು ಸಾವಿರದ ಆಸುಪಾಸಿಗೆ ಮಾರಿ, ಆಂಪ್‌ನ ಸದ್ದನ್ನು ಅನುಕರಿಸುವ ಸೆಕೆಂಡ್ ಹ್ಯಾಂಡ್ ಮಾಡೆಲರ್ ಒಂದನ್ನು ನಲವತ್ತು ಸಾವಿರಕ್ಕೆ ಕೊಂಡು ನೇರವಾಗಿ ಮಿಕ್ಸರಿಗೆ ಕೊಟ್ಟೆ. ಮಾನಿಟರಿನ ಬದಲು ಕಿವಿಯೊಳಗೇ ಸದ್ದು ಕೇಳಿಸುವ ನಿಸ್ತಂತು ಇನ್-ಇಯರ್ ಸೆಟ್ಟಿಗೆ ಐವತ್ತೈದು ಸಾವಿರವಾಯಿತು. ಡ್ರಮ್ಮರ್‌ಗೆ ಮೂರು ಸಾವಿರದ, ವೈರ್ ಇರುವ ಇನ್-ಇಯರೇ ಸಾಕಾಯಿತು. ವೇದಿಕೆಯಲ್ಲಿ ಆಂಪ್ ಕಾಣದಿದ್ದರೆ ಅದು ರಾಕ್ ಹೇಗಾದೀತೆಂದು ಸೌಂಡಿನವರು ನಕ್ಕರು. ನಡುವೆ ಒಂದು ಕಾಲೇಜು ಸಭಾಂಗಣದಲ್ಲಿ ಎಲೆಕ್ಟ್ರಾನಿಕ್ ಡ್ರಮ್ ಪ್ಯಾಡುಗಳನ್ನೂ ಇಟ್ಟು ನೋಡಿದೆವು: ಮುಂದಿನ ಸಾಲಿನವರಿಗೆ ರಬ್ಬರಿನ ಟಪಟಪ ಕೇಳಿಸಿತು, ಡ್ರಮ್ಮರ್ ವಾರವಿಡೀ ಮುಖ ಊದಿಸಿಕೊಂಡಿದ್ದ. ಮತ್ತೆ ನಿಜವಾದ ಡ್ರಮ್ಮಿಗೇ ಮರಳಿ, ಕೋಲಿನ ಬದಲು ಸಣ್ಣ ಕಡ್ಡಿಗಳ ಕಟ್ಟು ಹಿಡಿಸಿದ ಮೇಲೆ ಮನೆಮಂದಿಯೆಲ್ಲ ಒಪ್ಪಿದರು. ಮನೆಮಂದಿ ಎಂದರೆ ನಮ್ಮ ಬ್ಯಾಂಡಿನವರು.

ಕಿವಿಗೆ ಇನ್-ಇಯರ್ ಸಿಕ್ಕಿಸಿಕೊಂಡ ಮೊದಲ ಕಾರ್ಯಕ್ರಮಗಳು ಹಿಂಸೆಯಾಗಿದ್ದವು. ಚಪ್ಪಾಳೆ ಕೇಳುತ್ತಿರಲಿಲ್ಲ, ಜನ ಕುಣಿಯುತ್ತಿದ್ದರೂ ಸೋತೆನೆಂದೇ ಅನ್ನಿಸುತ್ತಿತ್ತು. ಜನರತ್ತ ಎರಡು ಮೈಕ್ ತಿರುಗಿಸಿ ಆ ಸದ್ದನ್ನೂ ಕಿವಿಗೆ ಬೆರೆಸಿದಾಗ ಸರಿಹೋಯಿತು. ಎಷ್ಟು ಬೆರೆಸಬೇಕು, ಯಾವ ಹಾಡಿನಲ್ಲಿ ತೆಗೆಯಬೇಕು ಎಂಬುದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ, ಅದಕ್ಕೆ ನಾನು ಸಾಕಷ್ಟು ಹಣ ತೆತ್ತಿದ್ದೇನೆ. ಕಿರುಚುವುದು ನಿಂತ ಮೇಲೆ ಶ್ರುತಿಯನ್ನು ಅರ್ಧ ಮನೆ ಇಳಿಸಿದರೆ ಸಾಕಾಯಿತು, ಗಿಟಾರಿಗೆ ಹತ್ತರ ಸೆಟ್ ವಾಪಸು ಬಂತು.

ಕಾರ್ಯಕ್ರಮದ ಸ್ವರೂಪವೂ ಬದಲಾಯಿತು. 2000ದ ಶಬ್ದಮಾಲಿನ್ಯ ನಿಯಮದ ಪ್ರಕಾರ ರಾತ್ರಿ ಹತ್ತಕ್ಕೆ ಧ್ವನಿವರ್ಧಕ ನಿಲ್ಲಿಸಬೇಕಾದ್ದರಿಂದ, ಏಳೂವರೆಗೇ ಆರಂಭಿಸಿ ಎರಡು ಗಂಟೆಯಲ್ಲಿ ಮುಗಿಸುತ್ತೇನೆ. ಅತಿ ಎತ್ತರದ ಹಾಡು ಈಗ ಮೊದಲನೆಯದಲ್ಲ, ಗಂಟಲು ಬೆಚ್ಚಗಾಗಿಯೂ ದಣಿಯದಿರುವ ಐದನೆಯ ಜಾಗದ್ದು. ನಡುವೆ ಎರಡು ಹಾಡುಗಳನ್ನು ಸ್ಟೂಲಿನ ಮೇಲೆ ಕೂತು ಹಾಡುತ್ತೇನೆ. ಹಿಂದಿನವರಿಗೆ ಕಾಣಲೆಂದು ಅದರಡಿಗೆ ಒಂದು ಅಡಿಯ ಹಲಗೆ. ಮೊದಲು ಅರುವತ್ತು ಸಾವಿರದ ಕಾರ್ಯಕ್ರಮದಲ್ಲಿ ಆಂಪ್ ಸಾಗಿಸುವ ಟೆಂಪೋ, ಹೆಚ್ಚುವರಿ ಮಾನಿಟರ್ ಬಾಡಿಗೆ ಎಂದು ಹದಿನೈದರ ಮೇಲೆ ಹೋಗುತ್ತಿತ್ತು. ಈಗ ಸಾಮಾನೆಲ್ಲ ಎರಡು ಕಾರುಗಳಲ್ಲಿ ಹಿಡಿಯುತ್ತದೆ.

ಇಷ್ಟಾದರೂ ಒಂದೆರಡು ಕಡೆ ತುದಿಯ ಸ್ವರವನ್ನು ನಮ್ಮ ಬೇಸ್ ಹುಡುಗನೇ ಹಾಡುತ್ತಾನೆ, ನಾನು ಅದರಡಿಯ ಸ್ಥಾಯಿಯಲ್ಲಿ ಬಾಯಿ ಅಗಲಿಸಿರುತ್ತೇನೆ. ಎಲ್ಲೆಲ್ಲಿ ಎಂದು ಸೌಂಡಿನವರೂ ಈವರೆಗೆ ಪತ್ತೆಹಚ್ಚಿಲ್ಲ.