ಹಳೇ ಮನೆಯ ಗೋಡೆ ಒಣಗಿಸಿದ ಕಥೆ

ಮೂಡಿಗೆರೆ ಹತ್ತಿರ ನಮ್ಮ ತೋಟದ ಮನೆ ಇದೆ. 1920ರ ದಶಕದಲ್ಲಿ ಮಾವನವರ ಅಜ್ಜ ಕಟ್ಟಿಸಿದ್ದು. ಉದ್ದನೆಯ ಜಗಲಿ, ಬೀಟೆ ಕಂಬ, ಕೆಂಪು ಕಾವಿ ನೆಲ, ಮೇಲೆ ಮಂಗಳೂರು ಹೆಂಚು. ಮಳೆಗಾಲ ಬಂತೆಂದರೆ ಪಡುವಣ ಕೋಣೆಯ ಗೋಡೆ ಸೊಂಟದೆತ್ತರಕ್ಕೆ ಒದ್ದೆಯಾಗಿ, ಬಣ್ಣವೆಲ್ಲ ಹಪ್ಪಳದ ಹಾಗೆ ಎದ್ದು ಬರುತ್ತಿತ್ತು. ಹೆಂಚು ಸೋರುತ್ತಿದೆ ಅಂದುಕೊಂಡು ಎಲ್ಲ ಇಳಿಸಿ, ಪಾಚಿ ಉಜ್ಜಿ, ಗೆದ್ದಲು ಹಿಡಿದ ರೀಪು ಬದಲಿಸಿ ಮತ್ತೆ ಹೊದಿಸಿದೆವು. ಮುಂದಿನ ಆಷಾಢಕ್ಕೆ ಗೋಡೆ ಮತ್ತೆ ಒದ್ದೆ!

ಆಮೇಲೆ ಬಂದ ವಯಸ್ಸಾದ ಮೇಸ್ತ್ರಿ ಗೋಡೆ ಮುಟ್ಟಿ ನೋಡಿ, "ನೀರು ಮೇಲಿಂದ ಇಳೀತಿಲ್ಲ ಅಮ್ಮಾ, ಕೆಳಗಿಂದ ಹತ್ತುತ್ತಾ ಇದೆ" ಎಂದರು. ಹೊರಗೆ ಹೋಗಿ ಅತ್ತೆಯ ಡೇರೆ ಹೂವಿನ ಪಾತಿ ತೋರಿಸಿದರು. ವರ್ಷ ವರ್ಷ ಮಣ್ಣು, ಗೊಬ್ಬರ ಹಾಕಿ ಹಾಕಿ ಪಾತಿ ಒಳಗಿನ ನೆಲಕ್ಕಿಂತ ಎತ್ತರವಾಗಿತ್ತು. ಸಾಲದ್ದಕ್ಕೆ ಹಿಂದೆ ಯಾವಾಗಲೋ ಸುಣ್ಣದ ಗಾರೆ ಮೇಲೆ ಸಿಮೆಂಟ್ ಬಳಿಸಿದ್ದರು. ಸುಣ್ಣದ ಗೋಡೆ ಹೀರಿದ ತೇವವನ್ನು ಹೊರಗೆ ಬಿಡುತ್ತದೆ. ಸಿಮೆಂಟ್ ಒಳಗೇ ಹಿಡಿದಿಡುತ್ತದೆ.

ಪಾತಿ ತೆಗೆಯೋಣ ಅಂದಾಗ ಅತ್ತೆ ಎರಡು ದಿನ ಮಾತಾಡಲಿಲ್ಲ. ಅವರು ಮದುವೆಯಾಗಿ ಬಂದ ವರ್ಷ ನೆಟ್ಟ ಗಡ್ಡೆಗಳ ಸಂತತಿ ಅದು, ಬೇಜಾರಾಗದೆ ಇರುತ್ತದೆಯೇ? ಡಿಸೆಂಬರ್‌ನಲ್ಲಿ ಗಿಡ ಒಣಗಿದ ಮೇಲೆ ಅವರೇ ನಿಂತು ಗಡ್ಡೆ ಅಗೆಸಿ ಮರಳಲ್ಲಿಟ್ಟರು. ನಾವು ಮಣ್ಣು ತೆಗೆದು ಗೋಡೆಯುದ್ದಕ್ಕೂ ಚರಂಡಿ ಮಾಡಿ, ಸಿಮೆಂಟನ್ನು ಉಳಿಯಿಂದ ನಿಧಾನಕ್ಕೆ ಕೆತ್ತಿದೆವು. ಶಿವರಾತ್ರಿವರೆಗೆ ಗೋಡೆ ಸುಮ್ನೆ ಒಣಗಲಿ ಅಂತ ಹಾಗೇ ಬಿಟ್ಟೆವು. ಈ ಕಾಯುವುದೇ ಕಷ್ಟ, ಆದರೆ ಇಲ್ಲಿ ಅವಸರ ಮಾಡಲೇಬೇಡಿ.

ಅಷ್ಟರಲ್ಲಿ ಸುಟ್ಟ ಸುಣ್ಣವನ್ನು ಗುಂಡಿಯಲ್ಲಿ ಅರಳಿಸಿ ಒಂದು ತಿಂಗಳು ನೀರಲ್ಲೇ ಇಟ್ಟಿದ್ದೆವು. ಅರಳುವಾಗ ಕೊತಕೊತ ಕುದಿಯುತ್ತದೆ, ಕಣ್ಣಿಗೆ ಹಾರಿದರೆ ಅಪಾಯ, ಮಕ್ಕಳನ್ನು ದೂರ ಇಡಿ. ಒಂದು ಪಾಲು ಸುಣ್ಣಕ್ಕೆ ಮೂರು ಪಾಲು ಮರಳು, ಜೊತೆಗೆ ಅಳಲೆಕಾಯಿ ನೆನೆಸಿದ ಬೆಲ್ಲದ ನೀರು. ತೆಳುವಾಗಿ ಮೂರು ಸಲ ಬಳಿದು, ಬೇಗ ಒಣಗಿ ಬಿರುಕು ಬಿಡದಂತೆ ಒದ್ದೆ ಗೋಣಿ ಕಟ್ಟಿದೆವು. ಮೇಲೆ ಬರೀ ಸುಣ್ಣ ಹೊಡೆಸಿದೆವು. ಪ್ಲಾಸ್ಟಿಕ್ ಪೇಂಟ್ ಹಚ್ಚಿದರೆ ಮಾಡಿದ್ದೆಲ್ಲ ವ್ಯರ್ಥ.

ಎರಡು ಮಳೆಗಾಲ ಕಳೆಯಿತು. ಬುಡದಲ್ಲಿ ಒಂದು ಗೇಣು ತೇವ ಕಾಣುತ್ತದೆ, ನಾಲ್ಕು ದಿನ ಬಿಸಿಲು ಬಿದ್ದರೆ ಮಾಯ. ಗೋಡೆಯಿಂದ ಆರಡಿ ಆಚೆ ಹೊಸ ಪಾತಿಯಲ್ಲಿ ಈ ಶ್ರಾವಣದಲ್ಲಿ ಡೇರೆ ತಟ್ಟೆಯಗಲ ಅರಳಿತ್ತು. ಮೊದಲ ಹೂವನ್ನು ಅತ್ತೆ ಮೇಸ್ತ್ರಿ ಮನೆಗೆ ಕಳಿಸಿದರು.